ದಂಡಿನ ಮನೆ, ಕೇರಿಯ ಮನೆ

ಅಣ್ಣನಿಗೆ ಮಹೂಗೆ ವರ್ಗವಾಗಿದೆ. ಮೂರು ವರ್ಷ ಗಡಿಯಲ್ಲಿದ್ದ. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ಅಷ್ಟೂ ದಿನ ಅತ್ತಿಗೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಕೇರಿಯ ಮನೆಯಲ್ಲೇ ಇದ್ದರು. ಈಗ ಸಂಸಾರ ಇಟ್ಟುಕೊಳ್ಳಬಹುದಾದ ಜಾಗ ಸಿಕ್ಕಿದೆ. ಕರಿ ಟ್ರಂಕನ್ನು ಅಟ್ಟದಿಂದ ಇಳಿಸಿದ್ದೇವೆ. ಉಳಿದಿರೋದು ಒಂದೇ ಪ್ರಶ್ನೆ: ದಂಡಿನ ಒಳಗೆ ಕ್ವಾಟ್ರಸ್ಸಿಗೆ ಅರ್ಜಿ ಹಾಕೋದೋ, ಹೊರಗೆ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯೋದೋ?

ಇದೇನು ನಮ್ಮ ಪತ್ರಿಕೆಯಲ್ಲಿ ಚರ್ಚೆ ಮಾಡೋ ವಿಷಯವಾ ಅಂತ ಗೆಳೆಯರು ಕೇಳಬಹುದು. ಹೌದು. ಮನೆ ಎಲ್ಲಿರಬೇಕು, ಗೋಡೆಯ ಆಚೆ ಯಾರಿರಬೇಕು ಅನ್ನೋದನ್ನು ನಮ್ಮ ಅಪ್ಪಂದಿರನ್ನು ಯಾರೂ ಕೇಳಲಿಲ್ಲ. ಹುಟ್ಟೋದಕ್ಕೆ ಮುಂಚೆಯೇ ಅವರ ಜಾಗ ಗೊತ್ತಾಗಿತ್ತು. ಊರಿನ ಹೊರಗೆ, ನಮ್ಮನ್ನು ಸೋಕಿದ ಗಾಳಿ ಊರೊಳಕ್ಕೆ ಬೀಸದ ದಿಕ್ಕಿನಲ್ಲಿ. ಈಗ ಅದೇ ಕೇರಿಯ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತು ಇದು ಬೇಕೋ ಅದು ಬೇಕೋ ಅಂತ ಲೆಕ್ಕ ಹಾಕುತ್ತಿದ್ದಾಳೆ.

ಅಣ್ಣನ ಲೆಕ್ಕ ಬೇರೆ. ಕ್ವಾಟ್ರಸ್ಸು ತಗೊಂಡರೆ ಮನೆಬಾಡಿಗೆ ಭತ್ಯೆ ನಿಲ್ಲುತ್ತದೆ. ಹೊರಗೆ ಅಗ್ಗದ ಮನೆ ಹಿಡಿದರೆ ನಾಲ್ಕು ಕಾಸು ಉಳಿದು, ಕೇರಿಯ ಮನೆಗೆ ತಾರಸಿ ಹಾಕಿಸಬಹುದು. ಅತ್ತಿಗೆ ಒಪ್ಪಲಿಲ್ಲ. “ನಿಮ್ಗೇನು, ಡ್ರೆಸ್ ಹಾಕ್ಕಂಡು ಡ್ಯೂಟಿಗೆ ಹೋಯ್ತೀರಿ. ಬಾಗ್ಲಲ್ಲಿ ನಿಂತ್ಕಂಡು ‘ನಿಮ್ದು ಯಾವ ಜನ’ ಅನ್ನುಸ್ಕೊಳೋಳು ನಾನು” ಅಂದರು.

ಈ ಮಾತು ಸುಮ್ಮನೆ ಬಂದದ್ದಲ್ಲ. ಹಿಂದೊಂದು ಊರಲ್ಲಿ ಕ್ವಾಟ್ರಸ್ಸು ಖಾಲಿ ಇರಲಿಲ್ಲ, ಸರದಿ ಉದ್ದವಿತ್ತು. ಹೊರಗೆ ಮನೆ ಹಿಡಿದರು. ಮಿಲಿಟ್ರಿಯವರು ಅಂತ ಮಾಲೀಕನಿಗೆ ಭಾರೀ ಗೌರವ. ಆಗಸ್ಟ್ 15ಕ್ಕೆ ಲಾಡು ತಂದುಕೊಟ್ಟ. ಒಂದು ದಿನ ಒಳಗೋಡೆಯ ಮೇಲೆ ಬಾಬಾಸಾಹೇಬರ ಪಟ ಅವನ ಕಣ್ಣಿಗೆ ಬಿತ್ತು. ಬಯ್ಯಲಿಲ್ಲ, ಏನೂ ಕೇಳಲೂ ಇಲ್ಲ. ಮಗನ ಮದುವೆ ಗೊತ್ತಾಗಿದೆ, ಮನೆ ಬೇಕು ಅಂದ. ಆ ಮದುವೆ ಆಗಲೇ ಇಲ್ಲ. ಗಡಿ ಕಾಯೋಕೆ ಗಂಡ ಬೇಕು, ಅವನ ಹೆಂಡತಿ ನಲ್ಲಿ ಮುಟ್ಟೋದು ಬೇಡ.

ಈಗ ಕ್ವಾಟ್ರಸ್ಸಿನ ಅರ್ಜಿ ನೋಡಿ. ನಂಬರು, ದರ್ಜೆ, ಹೆಸರು, ಬಂದು ಸೇರಿದ ತಾರೀಕು, ಹೆಂಡತಿ ಮಕ್ಕಳ ವಿವರ. ‘ಯಾವ ಜನ’ ಅನ್ನೋ ಕಾಲಂ ಇಲ್ಲ. ಸರದಿ ಬಂದಾಗ ಕೈಗೊಂದು ಚೀಟಿ, ಚೀಟಿಯಲ್ಲಿ ಮನೆ ನಂಬರು. ಪಕ್ಕದ ಮನೆಗೆ ಬಿಹಾರದ ಬ್ರಾಹ್ಮಣ ಬರಲಿ, ಪಂಜಾಬಿನ ಜಾಟ ಬರಲಿ, ಗೋಡೆ ಒಂದೇ, ನೀರಿನ ಟ್ಯಾಂಕಿ ಒಂದೇ. ಜಾತಿ ಹೋಗಬೇಕಾದರೆ ಮೊದಲು ಜನರ ಮನಸ್ಸು ಬದಲಾಗಬೇಕು, ಅದಕ್ಕೆ ಕಾಲ ಬೇಕು ಅಂತ ನಮಗೆ ಬುದ್ಧಿ ಹೇಳುವ ದೊಡ್ಡವರು ತುಂಬ ಜನ. ದಂಡಿನೊಳಗೆ ಯಾರ ಮನಸ್ಸಿಗೂ ಯಾರೂ ಕಾಯಲಿಲ್ಲ. ಗುಮಾಸ್ತನ ರಿಜಿಸ್ಟರು ಸಾಕಾಯಿತು. ಹಾಗಾದರೆ ಗೋಡೆಯ ಆಚೆಗೆ ಆ ರಿಜಿಸ್ಟರು ಯಾಕೆ ಬರೋದಿಲ್ಲ?

ಹಾಗಂತ ದಂಡನ್ನು ಹೊಗಳೋಕೆ ನಾವು ಅವಸರ ಮಾಡಬಾರದು. ಬೆಂಗಳೂರಿನ ದಂಡು ಇಂಗ್ಲಿಷರು 1809ರಲ್ಲಿ ಕಟ್ಟಿದ್ದು. ಬಂಗಲೆ ಮುಂದೆ, ಆಳುಗಳ ಸಾಲು ಹಿಂದೆ. ಆ ಹಿಂದಿನ ಸಾಲಿನಲ್ಲಿ ಕಕ್ಕಸು ತೊಳೆಯುತ್ತಿದ್ದವರು ಯಾರ ಮಕ್ಕಳು ಅಂತ ನಾವು ಬಿಡಿಸಿ ಹೇಳಬೇಕಿಲ್ಲ. ಈಗಲೂ ಅಧಿಕಾರಿಗೆ ಒಂದು ಥರದ ಮನೆ, ಸುಬೇದಾರನಿಗೆ ಒಂದು ಥರ, ಜವಾನನಿಗೆ ಇನ್ನೊಂದು ಥರ. ಜಾತಿಯ ಹೆಸರು ಹೊತ್ತ ರೆಜಿಮೆಂಟುಗಳು ಇವತ್ತಿಗೂ ಇವೆ. ಮೇಲು ಕೀಳು ಅಲ್ಲೂ ಇದೆ. ಆದರೆ ನಾಯಕ ಹವಾಲ್ದಾರನಾಗಬಹುದು, ಹವಾಲ್ದಾರ ಸುಬೇದಾರನಾಗಬಹುದು. ಹೊಲೆಯನಿಗೆ ಯಾವ ಬಡ್ತಿ ಇದೆ?

ಅಣ್ಣನಿಗೆ ವರ್ಗವಾಗಿರುವ ಊರೇ ಈ ಪ್ರಶ್ನೆಯ ತವರು. ಬಾಬಾಸಾಹೇಬರು 1891ರ ಏಪ್ರಿಲ್ 14ರಂದು ಹುಟ್ಟಿದ್ದು ಆ ಮಹೂ ದಂಡಿನಲ್ಲೇ. ಅದಕ್ಕೇ 2003ರಲ್ಲಿ ಊರಿಗೆ ಅವರ ಹೆಸರಿಟ್ಟರು. ತಂದೆ ರಾಮಜಿ ಸಕ್ಪಾಲರು ಸುಬೇದಾರರು, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಊರೊಳಗಿನ ಶಾಲೆ ಹತ್ತಿರ ಸೇರಿಸದ ಜನಕ್ಕೆ ದಂಡಿನೊಳಗೆ ಅಕ್ಷರ ಸಿಕ್ಕಿತ್ತು. ರಾಮಜಿ ನಿವೃತ್ತರಾದರು, ದಂಡಿನ ಮನೆ ಬಿಟ್ಟರು. 1901ರಲ್ಲಿ, ಬೇರೆ ಊರಲ್ಲಿ ಕೆಲಸಕ್ಕಿದ್ದ ತಂದೆಯನ್ನು ನೋಡಲು ಸಾತಾರಾದಿಂದ ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆ ಬಟ್ಟೆ ಹಾಕಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ತರ ಬ್ರಾಹ್ಮಣರ ಮಕ್ಕಳು ಅಂದುಕೊಂಡಿದ್ದ. ಮಹಾರರು ಅಂತ ಗೊತ್ತಾದ ಕೂಡಲೇ ಹಿಂದಕ್ಕೆ ಸರಿದ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ದಾರಿಯುದ್ದಕ್ಕೂ ಕುಡಿಯಲು ನೀರು ಹುಟ್ಟಲಿಲ್ಲ. ಸುಬೇದಾರನ ಮಕ್ಕಳು ಅನ್ನೋದು ದಂಡಿನ ಗೇಟಿನವರೆಗೆ ಮಾತ್ರ.

ನಮ್ಮ ಸಂಘಟನೆಯ ಗೆಳೆಯನೊಬ್ಬ ಸಿಟ್ಟಾದ. “ಸರ್ಕಾರದ ಗೋಡೆ ಹಿಂದೆ ಬಚ್ಚಿಟ್ಕೊಳ್ಳೋದು ಹೋರಾಟನಾ? ಪೇಟೇಲಿ, ನಮ್ಮ ಹೆಸರು ಹೇಳ್ಕಂಡೇ ಮನೆ ಹಿಡೀಬೇಕು. ಕೊಡದಿದ್ರೆ ಕೇಸ್ ಹಾಕ್ಬೇಕು” ಅಂದ. ಮಾತು ಸರಿ. ನಾವೂ ವೇದಿಕೆ ಮೇಲೆ ಹೀಗೇ ಹೇಳಿದ್ದೇವೆ. ಆದರೆ ಅಣ್ಣ ತಿಂಗಳುಗಟ್ಟಲೆ ಕವಾಯತಿಗೆ ಹೊರಗೆ ಹೋದಾಗ ಆ ಬಾಗಿಲಲ್ಲಿ ನಿಲ್ಲೋರು ಅತ್ತಿಗೆ. ಭಾಷೆ ಗೊತ್ತಿಲ್ಲದ ಊರು, ಕಂಕುಳಲ್ಲಿ ಕೂಸು. ಅಮೆರಿಕದಲ್ಲಿ ಓದಿ ಬಂದ ಬಾಬಾಸಾಹೇಬರಿಗೇ 1917ರಲ್ಲಿ ಬರೋಡಾದಲ್ಲಿ ತಲೆ ಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಆಚೆ ಹಾಕಿದರು. ಅವತ್ತು ಅವರು ಉದ್ಯಾನದಲ್ಲಿ ಕೂತು, ಮುಂಬಯಿಯ ರೈಲು ಹತ್ತಿ ವಾಪಸು ಬಂದರು. ಹೆಸರು ಮರೆಸಿದ್ದಕ್ಕೆ ಅವರನ್ನು ಹೇಡಿ ಅನ್ನುವ ಧೈರ್ಯ ನಮಗಿಲ್ಲ. ಹೋರಾಟ ಹೆಂಗಸಿನ ಹೆಗಲ ಮೇಲೆ ಹೊರಿಸಿ ನಾವು ಇಲ್ಲಿ ಕೂತು ಪದ್ಯ ಬರೆಯೋದು ಯಾವ ನ್ಯಾಯ? ಅವರು ಕ್ವಾಟ್ರಸ್ಸು ಆರಿಸಿಕೊಂಡರೆ ಅದು ಅವರ ಹಕ್ಕು. ಹೊರಗಿನ ಮನೆಯ ಜಗಳ ನಮ್ಮ ಸಾಲ. ಅದನ್ನು ಅವರ ಹೆಸರಿಗೆ ಬರೆಯೋದು ಬೇಡ.

ಇನ್ನೊಂದು ಮಾತು. ಈ ಆಯ್ಕೆ ಕೂಡ ನಮ್ಮ ಕೇರಿಯ ಹುಡುಗರಿಂದ ದೂರ ಸರಿಯುತ್ತಿದೆ. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ನೌಕರಿ, ಆಮೇಲೆ ನೂರಕ್ಕೆ ಇಪ್ಪತ್ತೈದು ಜನಕ್ಕಿಂತ ಹೆಚ್ಚು ಉಳಿಯೋ ಹಾಗಿಲ್ಲ. ಆ ನಾಲ್ಕು ವರ್ಷ ಮದುವೆಯಾಗೋ ಹಾಗಿಲ್ಲ; ಮದುವೆಯಿಲ್ಲದ ಮೇಲೆ ಕ್ವಾಟ್ರಸ್ಸು ಎಲ್ಲಿಂದ? ಮಹಾರರಿಗೂ ಹಿಂದೆ ಹೀಗೇ ಆಗಿತ್ತು. ಕಂಪನಿ ಕಾಲದಿಂದ ದುಡಿಸಿಕೊಂಡು, 1890ರ ದಶಕದಲ್ಲಿ ಭರ್ತಿ ನಿಲ್ಲಿಸಿದರು. ಮತ್ತೆ ಮಹಾರ್ ರೆಜಿಮೆಂಟು ಕಟ್ಟಿದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲಿ, ಯುದ್ಧಕ್ಕೆ ಜನ ಬೇಕಾದಾಗ.

ಮೊನ್ನೆ ಅರ್ಜಿ ಹಾಕಿಯಾಯಿತು. ಅಣ್ಣ ಅವ್ವನ ಹೆಸರನ್ನೂ ಬರೆದ. ಅವ್ವ ರಾಗಿ ಕೇರುತ್ತಾ ಕೇಳಿದಳು: “ಅಲ್ಲಿ ಎಷ್ಟು ವರ್ಸ ಇರದ್ಲಾ?”

“ಮೂರು ವರ್ಸ ಕಣವ್ವ.”

“ಆಮ್ಯಾಕೆ?”

“ಇನ್ನೊಂದು ದಂಡು.”

“ಪಿಂಚಣಿ ಆದ್ಮ್ಯಾಕೆ?”

ಅಣ್ಣ ಮಾತಾಡಲಿಲ್ಲ. ಟ್ರಂಕಿನ ಮೇಲಿನ ಹಳೇ ಯೂನಿಟ್ಟಿನ ಹೆಸರು ಕೆರೆದು, ಹೊಸದು ಬರೆಯಲು ಬಿಳಿ ಬಣ್ಣ ಕಲಸುತ್ತಿದ್ದ. ಅತ್ತಿಗೆ ಬಾಬಾಸಾಹೇಬರ ಪಟವನ್ನು ಹಳೇ ಸೀರೆಯಲ್ಲಿ ಸುತ್ತಿ, ಪಾತ್ರೆ ಬಟ್ಟೆ ಎಲ್ಲದರ ಮೇಲೆ ಇಟ್ಟರು. ಹೋದ ಕೂಡಲೇ ಕೈಗೆ ಸಿಗಲಿ ಅಂತ.