ಅನ್ನ, ಔಷಧ ಮತ್ತು ಆಚಾರ



ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕರು ತಮ್ಮ ಪುತ್ರನಾದ ಶ್ವೇತಕೇತುವಿಗೆ ಹದಿನೈದು ದಿನ ಅನ್ನವನ್ನು ಬಿಟ್ಟು ನೀರನ್ನು ಮಾತ್ರ ಕುಡಿದಿರುವಂತೆ ಆಜ್ಞಾಪಿಸಿದ ಪ್ರಸಂಗವು ಸುಪ್ರಸಿದ್ಧವಾದುದು. ಅನಂತರ ವೇದವನ್ನು ಹೇಳೆಂದರೆ ಹನ್ನೆರಡು ವರ್ಷ ಅಧ್ಯಯನ ಮಾಡಿದವನಿಗೆ ಒಂದು ಋಕ್ಕೂ ಸ್ಫುರಿಸಲಿಲ್ಲ. ಊಟ ಮಾಡಿ ಬಂದಮೇಲೆ ಕೇಳಿದ್ದೆಲ್ಲವೂ ಸ್ಫುರಿಸಿತು. ಮನಸ್ಸು ಅನ್ನದಿಂದ ಪೋಷಿತವಾದುದು ಎಂಬುದನ್ನು ಋಷಿಗಳು ವಾದದಿಂದಲ್ಲ, ಅನುಭವದಿಂದ ತೋರಿಸಿದರು.

ಪ್ರವಚನ ಮುಗಿದ ಬಳಿಕ ವೃದ್ಧರು ಈಚೆಗೆ ನಮ್ಮಲ್ಲಿ ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. ವೈದ್ಯರು ವಿಟಮಿನ್ ಬಿ-12 ಗುಳಿಗೆ ಬರೆದುಕೊಟ್ಟಿದ್ದಾರೆ. ಭಗವಂತನಿಗೆ ನಿವೇದಿಸಿದ ಸಾತ್ವಿಕಾಹಾರವು ಸಾಲದೆ? ಗುಳಿಗೆಯನ್ನು ನುಂಗಿದರೆ ಆಚಾರಕ್ಕೆ ಲೋಪವಿಲ್ಲವೆ?

ಈ ವಿಚಾರವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ನಮ್ಮ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯು ತಾರ್ನಾಕದಲ್ಲಿಯೇ ಇದೆ. ದಖ್ಖನಿನಲ್ಲಿ ಜೋಳವನ್ನೇ ಉಂಡು ಬಾಳುವ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರಾ ರೋಗವನ್ನು ಕುರಿತು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಲೇಖನ ಪ್ರಕಟಿಸಿದರು. ಆ ರೋಗಕ್ಕೆ ನಯಾಸಿನ್ ಎಂಬ ವಿಟಮಿನ್ನೇ ಔಷಧ. ಹೊಟ್ಟೆ ತುಂಬಿದ್ದರೂ ದೇಹಕ್ಕೆ ಕೊರತೆ ಇರಬಹುದೆಂಬುದು ಇದರಿಂದ ತಿಳಿಯುತ್ತದೆ. ಅದೇ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸಬಾರದೆಂದೂ ಹೇಳಿದೆ. ವ್ಯಾಯಾಮಶಾಲೆಯಿಂದ ಡಬ್ಬಿ ಹೊತ್ತು ತರುವ ನಮ್ಮ ತರುಣರು ಮನೆಯ ತೊವ್ವೆಯನ್ನು ಬಡಿಸಿಕೊಳ್ಳಲು ಮಾತ್ರ ಏಕೆ ಸಂಕೋಚಪಡುತ್ತಾರೋ ತಿಳಿಯದು.

ಆದರೆ ಬಿ-12ರ ವಿಷಯ ಬೇರೆ. ಅದು ಯಾವ ಧಾನ್ಯದಲ್ಲಿಯೂ, ಯಾವ ಸೊಪ್ಪಿನಲ್ಲಿಯೂ ಇಲ್ಲ. ನಮ್ಮಂಥವರಿಗೆ ಗೋಮಾತೆಯ ಹಾಲು ಮೊಸರುಗಳೇ ಮೂಲ. ದಿನಕ್ಕೆ ಬೇಕಾದುದು ಸುಮಾರು 2 ಮೈಕ್ರೋಗ್ರಾಂ. ಅರ್ಧ ಲೀಟರು ಹಾಲಿನಿಂದ ಹೆಚ್ಚುಕಡಿಮೆ ಅಷ್ಟು ಲಭಿಸುತ್ತದೆ. ನೀರೇ ಹೆಚ್ಚಾದ ಒಂದು ಸೌಟು ಮಜ್ಜಿಗೆಯಿಂದ ಲಭಿಸದು. ಚಾತುರ್ಮಾಸ್ಯದ ದಧಿವ್ರತ, ಕ್ಷೀರವ್ರತಗಳಿಂದಲೇ ಈ ಕೊರತೆ ಬಂದಿತೆಂದು ಕೆಲವರು ಹೇಳುವುದು ಸರಿಯಲ್ಲ. ಮೊಸರು ಬಿಟ್ಟ ತಿಂಗಳಲ್ಲಿ ಹಾಲುಂಟು, ಹಾಲು ಬಿಟ್ಟ ತಿಂಗಳಲ್ಲಿ ಮೊಸರುಂಟು. ಮೇಲಾಗಿ ಯಕೃತ್ತು ಈ ವಿಟಮಿನ್ನನ್ನು ವರ್ಷಗಟ್ಟಲೆ ಸಂಗ್ರಹಿಸಿಟ್ಟುಕೊಳ್ಳುತ್ತದೆ. ವಯಸ್ಸಾದಂತೆ ಜಠರದ ಆಮ್ಲ ಕುಗ್ಗುವುದು, ಆಮ್ಲಪಿತ್ತದ ಗುಳಿಗೆಗಳನ್ನೋ ಮಧುಮೇಹದ ಮೆಟ್‌ಫಾರ್ಮಿನ್ನನ್ನೋ ಬಹುಕಾಲ ಸೇವಿಸುವುದು, ಇವೂ ಕಾರಣಗಳು. ಅಂಥವರಿಗೆ ಉಂಡ ಹಾಲಿನ ಸತ್ತ್ವವೂ ಪೂರ್ಣವಾಗಿ ದಕ್ಕುವುದಿಲ್ಲ.

ಪಾದಗಳು ಜೋಮು ಹಿಡಿಯುವುದು, ನಡೆಯುವಾಗ ತೂಗಾಡುವುದು, ನಿತ್ಯ ಹೇಳುವ ಸ್ತೋತ್ರದ ನಡುವಿನ ಪಾದ ಮರೆತುಹೋಗುವುದು, ಇವನ್ನೆಲ್ಲ ಮುಪ್ಪೆಂದು ತಳ್ಳಿಹಾಕಬಾರದು. ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ತಡವಾದರೆ ನರಗಳಿಗಾದ ಹಾನಿ ಪೂರ್ಣವಾಗಿ ಹಿಂದಿರುಗದೆ ಹೋಗಬಹುದು. ಪರೀಕ್ಷಿಸದೆ ಫೋಲಿಕ್ ಆಮ್ಲವೊಂದನ್ನೇ ನುಂಗುತ್ತಾ ಹೋದರೆ ರಕ್ತಹೀನತೆ ನೀಗಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುವುದೂ ಉಂಟು. ಸಾಧನೆಗಾಗಿ ಶ್ರೀಹರಿಯು ಕೊಟ್ಟ ಶರೀರವಿದು. ಇದನ್ನು ಉಪೇಕ್ಷಿಸುವುದನ್ನು ನಾವು ವೈರಾಗ್ಯವೆಂದು ಒಪ್ಪಲಾರೆವು.

ಇನ್ನು ಆಚಾರದ ಮಾತು. ಗುಳಿಗೆಯ ಬಿ-12 ಮಾಂಸದಿಂದ ತೆಗೆದುದಲ್ಲ. ಸೂಕ್ಷ್ಮಜೀವಿಗಳನ್ನು ಹುದುಗಿಸಿ ಪಡೆದುದು. ದೋಷವಿರುವುದು ಕೆಲವು ಕ್ಯಾಪ್ಸೂಲುಗಳ ಕವಚದಲ್ಲಿ. ಅದರ ಜಿಲೆಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಆಗುವಂಥದು. ಆದುದರಿಂದ ಬರಿಯ ಗುಳಿಗೆಯನ್ನೋ ಸಸ್ಯಜನ್ಯ ಕವಚವುಳ್ಳದ್ದನ್ನೋ ಬರೆದುಕೊಡುವಂತೆ ವೈದ್ಯರನ್ನು ಕೇಳಬೇಕು, ಚುಚ್ಚುಮದ್ದೂ ಉಂಟು. ವಿಟಮಿನ್ ಡಿ-3ನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಧಾವಳಿಯುಟ್ಟು ಮಡಿಯಾಗುವ ನಾವು ಉಣ್ಣೆಯ ಹೆಸರಿಗೆ ಬೆಚ್ಚಬೇಕಾಗಿಲ್ಲ. ಅಲ್ಲಿಯೂ ಕವಚವನ್ನೇ ವಿಚಾರಿಸತಕ್ಕದ್ದು.

ಏಕಾದಶಿಯಂದು ಹೇಗೆಂದು ಕೇಳುವವರಿದ್ದಾರೆ. ಬಿ-12 ದೇಹದಲ್ಲಿ ಸಂಗ್ರಹವಾಗಿರುವುದರಿಂದ ಗುಳಿಗೆಯನ್ನು ಒಂದು ದಿನ ಬಿಟ್ಟು ದ್ವಾದಶಿಯ ಪಾರಣೆಯ ಬಳಿಕ ತೆಗೆದುಕೊಂಡರೂ ಬಾಧಕವಿಲ್ಲ. ರಕ್ತದೊತ್ತಡ, ಮಧುಮೇಹಗಳ ಔಷಧಗಳು ಹಾಗಲ್ಲ. ಅವನ್ನು ತಾವಾಗಿಯೇ ನಿಲ್ಲಿಸದೆ, ಉಪವಾಸದ ದಿನ ಹೇಗೆ ಸೇವಿಸಬೇಕೆಂಬುದನ್ನು ದಶಮಿಗೆ ಮುಂಚೆಯೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳತಕ್ಕದ್ದು.