ಒದಗದ ಉಪಚಾರಕ್ಕೆ ಅಕ್ಷತೆ

ಕುಂಬಳೆ ಸೀಮೆಯ ಹವ್ಯಕರ ಮನೆಗಳಲ್ಲಿ ಷೋಡಶೋಪಚಾರ ಪೂಜೆ, ಎಂದರೆ ದೇವರಿಗೆ ಸಲ್ಲಿಸುವ ಹದಿನಾರು ಬಗೆಯ ಸೇವೆ, ನಡೆಯುವಾಗ ವಸ್ತ್ರವೋ ಆಭರಣವೋ ಒದಗದಿದ್ದರೆ ಪೂಜೆ ನಿಲ್ಲುವುದಿಲ್ಲ. ವಸ್ತ್ರಕ್ಕಾಗಿ ಅಕ್ಷತೆಯನ್ನು ಸಮರ್ಪಿಸುತ್ತೇನೆ ಎಂಬರ್ಥದ ಸಂಸ್ಕೃತ ವಾಕ್ಯವನ್ನು ಹೇಳಿ, ನಾಲ್ಕು ಕಾಳು ಅಕ್ಷತೆ ಹಾಕಿ, ಭಟ್ಟರು ಮುಂದಿನ ಉಪಚಾರಕ್ಕೆ ಸಾಗುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಡಿಫಾಲ್ಟ್ ಎನ್ನುವುದೂ ಇಂಥದ್ದೇ: ಕೇಳಿದ ಮಾಹಿತಿ ಸಿಗದಾಗ, ಮೊದಲೇ ಗೊತ್ತುಪಡಿಸಿದ ಮೌಲ್ಯವನ್ನು ಅದರ ಸ್ಥಾನದಲ್ಲಿಟ್ಟುಕೊಂಡು ಪ್ರೋಗ್ರಾಂ ನಿಲ್ಲದೆ ಮುಂದುವರಿಯುತ್ತದೆ.

ಯಾವುದಕ್ಕೆ ಬದಲಿ ಸಲ್ಲುತ್ತದೆ ಎಂಬುದನ್ನು ಜೈಮಿನಿಯ ಮೀಮಾಂಸಾಸೂತ್ರಗಳು ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಚರ್ಚಿಸುತ್ತವೆ; ವಿಹಿತ ದ್ರವ್ಯದ ಸ್ಥಾನದಲ್ಲಿ ನಿಲ್ಲುವ ದ್ರವ್ಯಕ್ಕೆ ಅಲ್ಲಿ ಪ್ರತಿನಿಧಿ ಎಂದು ಹೆಸರು. ಭತ್ತ ದೊರೆಯದಿದ್ದರೆ ಕಾಡುಭತ್ತವಾದ ನೀವಾರದಿಂದ ಯಾಗವನ್ನು ಪೂರೈಸಬಹುದು. ಆದರೆ ದೇವತೆ, ಅಗ್ನಿ, ಮಂತ್ರ, ಕ್ರಿಯೆಗಳಿಗೆ ಪ್ರತಿನಿಧಿಯಿಲ್ಲ, ಏಕೆಂದರೆ ಇಂದ್ರನಿಗೆ ಸಲ್ಲಬೇಕಾದ ಹವಿಸ್ಸು ಇನ್ನೊಬ್ಬನಿಗೆ ಸಂದರೆ ಅದು ಕುಂದುಳ್ಳ ಯಾಗವಾಗಿ ಉಳಿಯದೆ ಬೇರೆಯೇ ಕರ್ಮವಾಗಿಬಿಡುತ್ತದೆ. ಇನ್ನೂ ಸೂಕ್ಷ್ಮವಾದುದು, ಬದಲಿಯಾಗಿ ತಂದ ನೀವಾರವೂ ನಷ್ಟವಾದರೆ ಮುಂದಿನ ದ್ರವ್ಯವನ್ನು ಮೂಲದ ಭತ್ತದ ಹೋಲಿಕೆ ನೋಡಿಯೇ ಆರಿಸಬೇಕು, ನೀವಾರದ ಹೋಲಿಕೆ ನೋಡಿ ಅಲ್ಲ ಎಂಬ ನಿರ್ಣಯ. ಬದಲಿಯ ಮೇಲೆ ಬದಲಿ ಪೇರಿಸುತ್ತ ಮೂಲವನ್ನೇ ಮರೆಯುವ ಪ್ರೋಗ್ರಾಮರರಿಗೆ ಈ ಪಾದವನ್ನು ಪಠ್ಯವಾಗಿ ಇಟ್ಟರೂ ತಪ್ಪಾಗದು.

ಆದರೆ ಅಕ್ಷತೆಯ ಕ್ರಮದ ನಿಜವಾದ ಹಿರಿಮೆ ಇರುವುದು ಇಲ್ಲದಿರುವಿಕೆಯನ್ನು ಬಾಯಿಬಿಟ್ಟು ಹೇಳುವುದರಲ್ಲಿ. ವಸ್ತ್ರವನ್ನು ಕೊಟ್ಟಂತೆ ನಟಿಸಲು ಅಲ್ಲಿ ಅವಕಾಶವಿಲ್ಲ. ಪ್ರೋಗ್ರಾಂಗಳು ಎಡವುವುದು ಇಲ್ಲಿಯೇ. ಆಟಿ ತಿಂಗಳ ಜಡಿಮಳೆಯಲ್ಲಿ ಮಳೆಮಾಪಕ ಕೆಟ್ಟು ಒಂದು ದಿನದ ಅಳತೆ ಬಾರದೆ ಹೋದಾಗ, ಡಿಫಾಲ್ಟ್ ಆಗಿ ಸೊನ್ನೆಯನ್ನು ಹಾಕುವ ಪ್ರೋಗ್ರಾಂ ನಿರಾಯಾಸವಾಗಿ ಓಡುತ್ತದೆ, ಮಳೆಯೇ ಬೀಳದ ದಿನವೊಂದನ್ನು ದಾಖಲೆಯಲ್ಲಿ ಸೃಷ್ಟಿಸಿಯೂ ಬಿಡುತ್ತದೆ. ಮುಂದೆ ಸರಾಸರಿ ತೆಗೆಯುವವನಿಗೆ ಆ ಸೊನ್ನೆ ಅಳತೆಯೋ ಅಭಾವವೋ ತಿಳಿಯುವ ದಾರಿಯಿರುವುದಿಲ್ಲ. ಬದಲಿ ಮೌಲ್ಯದೊಡನೆ ಅದು ಬದಲಿಯೆಂಬ ಗುರುತನ್ನೂ ದಾಖಲಿಸಿದ್ದರೆ ಈ ಸುಳ್ಳು ಹುಟ್ಟುತ್ತಿರಲಿಲ್ಲ.

ದೇವತೆಗೆ ಪ್ರತಿನಿಧಿಯಿಲ್ಲವೆಂದಮೇಲೆ ಅಡಿಕೆಯಲ್ಲೋ ಅರಸಿನದ ಮುದ್ದೆಯಲ್ಲೋ ಗಣಪತಿಯನ್ನು ಆವಾಹಿಸುವುದು ಹೇಗೆ ಎಂಬ ಆಕ್ಷೇಪ ಏಳಬಹುದು. ಅಲ್ಲಿ ಅಡಿಕೆಯು ಗಣಪತಿಯ ಬದಲಿಯಲ್ಲ, ಅಧಿಷ್ಠಾನ, ಎಂದರೆ ದೇವತೆಯು ನೆಲೆಗೊಳ್ಳುವ ಆಸರೆ. ಕರೆಯುವುದು ಗಣಪತಿಯನ್ನೇ, ಪೂಜೆ ಮುಗಿದ ಮೇಲೆ ವಿಸರ್ಜಿಸುವುದೂ ಅವನನ್ನೇ, ಅಡಿಕೆಯು ಆಮೇಲೆ ಅಡಿಕೆಯೇ.