ಇಂದಿನ ಧಮ್ಮ ಚಿಂತನೆ: ಮುಳುಗಿದ್ದು ಪುಸ್ತಕಗಳಷ್ಟೇ ಅಲ್ಲ

 

1917ರಲ್ಲಿ ಬಾಬಾಸಾಹೇಬರು ಲಂಡನ್ನಿನಿಂದ ಊರಿಗೆ ಮರಳುವಾಗ ಅವರ ಪುಸ್ತಕಗಳು ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಅದು ಯುದ್ಧದ ಕಾಲ. ಟಾರ್ಪೆಡೊ ಬಡಿದು ಆ ಹಡಗು ಮುಳುಗಿತು. ಪ್ರತಿ ವರ್ಷ ಜಯಂತಿಯ ದಿನ ನಾನು ಶಾಲೆಯ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಕಳೆದ ಬಾರಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಆ ಹಡಗಲ್ಲಿ ಕೆಲಸ ಮಾಡೋರು ಏನಾದ್ರು?" ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷ ಪುಸ್ತಕಗಳಿಗಾಗಿ ಮರುಗಿದವನು ಆ ಜನರನ್ನು ಒಮ್ಮೆಯೂ ನೆನೆದಿರಲಿಲ್ಲ.

ಅಂದಿನಿಂದ ಆ ಯುದ್ಧದಲ್ಲಿ ಮುಳುಗಿದ ಹಡಗುಗಳ ಬಗ್ಗೆ ಓದತೊಡಗಿದೆ. ಅವುಗಳಲ್ಲೊಂದು ಲೂಸಿಟಾನಿಯಾ. ಮೇಲೆ ಶ್ರೀಮಂತರ ಊಟದ ಹಾಲ್, ತಳದಲ್ಲಿ ಬಾಯ್ಲರ್‌ಗಳ 192 ಕುಲುಮೆಗಳು. ಅವುಗಳಿಗೆ ಸಲಿಕೆಯಿಂದ ಕಲ್ಲಿದ್ದಲು ಸುರಿಯುತ್ತಿದ್ದವರಲ್ಲಿ ಬಹಳ ಮಂದಿ ಲಿವರ್‌ಪೂಲ್‌ನ ಐರಿಷ್ ಜನ. 1845ರಿಂದ ಆಲೂಗೆಡ್ಡೆ ಬೆಳೆ ಕೊಳೆತು ಕ್ಷಾಮ ಬಿದ್ದಾಗ ಐರ್ಲೆಂಡ್ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು, ಆಮೇಲೂ ಕೂಲಿ ಹುಡುಕಿ ಬಂದವರು. ನಾಲ್ಕು ಗಂಟೆ ಬೆಂಕಿಯ ಮುಂದೆ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಬೆಂಕಿ. ಇದು ಅವರ ಬದುಕು.

1915ರ ಮೇ 7ರ ಮಧ್ಯಾಹ್ನ ಐರ್ಲೆಂಡಿನ ಕಿನ್ಸೇಲ್ ಬಳಿ ಜರ್ಮನ್ ಟಾರ್ಪೆಡೊ ಬಡಿಯಿತು. 18 ನಿಮಿಷದಲ್ಲಿ ಹಡಗು ಮುಳುಗಿತು. ಸುಮಾರು 1,200 ಜನ ಸತ್ತರು. ಹಿರಿಯರು ಹಸಿವಿಗೆ ಬಿಟ್ಟುಹೋದ ನೆಲದ ಹತ್ತಿರವೇ ಆ ಐರಿಷ್ ಕೂಲಿಕಾರರೂ ನೀರುಪಾಲಾದರು. ಸಿಕ್ಕ ಹೆಣಗಳಲ್ಲಿ ಅನೇಕವನ್ನು ಕ್ವೀನ್ಸ್‌ಟೌನ್‌ನಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಲಕ್ಷಾಂತರ ಐರಿಷರು ವಲಸೆ ಹೋಗಲು ಹಡಗು ಹತ್ತಿದ ಬಂದರು ಅದೇ.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಆಗಿನ ಬ್ರಿಟಿಷ್ ಕಾಯ್ದೆಯಂತೆ ಹಡಗು ನಾಶವಾದರೆ ನಾವಿಕನ ಸಂಬಳವೂ ಅಲ್ಲಿಗೇ ಮುಗಿಯುತ್ತಿತ್ತು. ಜೀವ ಉಳಿಸಿಕೊಂಡು ದಡ ಸೇರಿದವನಿಗೂ ಅಷ್ಟೇ.

ಎಲ್ಲವೂ ಅನಿತ್ಯ ಎಂದರು ಭಗವಾನ್ ಬುದ್ಧರು. ಹಾಗೆಂದು ಇಲ್ಲಿ ಕಣ್ಣು ಮುಚ್ಚಿ ಕೂರಬಹುದೇ? ಟಾರ್ಪೆಡೊ ಬಿಟ್ಟವರೂ ಮನುಷ್ಯರು, ಸಂಬಳ ನಿಲ್ಲಿಸಿದವರೂ ಮನುಷ್ಯರು. ಅದನ್ನು ಹಣೆಬರಹ ಎನ್ನುವುದು ನಮ್ಮ ಧಮ್ಮವಲ್ಲ. ದುಃಖಕ್ಕೆ ಕಾರಣವಿದೆ, ಕಾರಣ ಹೋದರೆ ದುಃಖವೂ ಹೋಗುತ್ತದೆ. 1920ರಲ್ಲಿ ಜಿನೋವಾ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಂದು ಒಪ್ಪಂದ ಮಾಡಿತು. ಹಡಗು ಮುಳುಗಿ ಕೆಲಸ ಕಳೆದುಕೊಂಡ ನಾವಿಕನಿಗೆ ಕೆಲಸವಿಲ್ಲದ ದಿನಗಳಿಗೆ ಎರಡು ತಿಂಗಳವರೆಗಾದರೂ ಸಂಬಳ ಸಿಗಬೇಕು ಎಂದಿತು. 1925ರಲ್ಲಿ ಬ್ರಿಟನ್ ಅದನ್ನು ಕಾನೂನು ಮಾಡಿತು. ಕರುಣೆ ಕಣ್ಣೀರಿನಲ್ಲೇ ನಿಲ್ಲದೆ ಹಕ್ಕಾಗಬೇಕು. ಬಾಬಾಸಾಹೇಬರು ಜೀವನವಿಡೀ ಮಾಡಿದ್ದು ಇದನ್ನೇ ಅಲ್ಲವೇ?

ಇಂದು ಮೈತ್ರಿ ಭಾವನೆಗೆ ಕುಳಿತಾಗ, ನಮ್ಮ ಕಣ್ಣಿಗೆ ಬೀಳದೆ ನಮಗಾಗಿ ದುಡಿಯುವ ಒಬ್ಬರನ್ನು ನೆನೆಯೋಣ. ಎದ್ದ ಮೇಲೆ, ಅವರಿಗೆ ಕೂಲಿ ಸರಿಯಾಗಿ ಸಿಗುತ್ತಿದೆಯೇ ಎಂದು ಕೇಳೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.